ನಾಲ್ಕೇ ದಿನ ಸಾಕಾಯಿತು

ಡಿಗ್ರಿ ಕ್ಲಾಸಿನಲ್ಲಿ ಎರಡನೇ ಮಹಾಯುದ್ಧದ ಪಾಠ ಶುರುವಾದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಹೆಂಗಸರಾಗಿ ಅದನ್ನೆಲ್ಲ ಹೇಗೆ ಮಾಡಿದ್ರು?" ನಾಜಿ ಯಾತನಾ ಶಿಬಿರಗಳಲ್ಲಿ ಕಾವಲಿಗಿದ್ದ ಹೆಂಗಸರ ಬಗ್ಗೆ ಈ ಪ್ರಶ್ನೆ. ಕೇಳಿದವರ ಫೋನಿನಲ್ಲಿ ಹೆಚ್ಚಾಗಿ ಇರ್ಮಾ ಗ್ರೇಸೆಯ ಫೋಟೊ ಇರುತ್ತದೆ. ಆಶ್ವಿಟ್ಜ್, ಬೆರ್ಗೆನ್-ಬೆಲ್ಸೆನ್ ಶಿಬಿರಗಳಲ್ಲಿದ್ದವಳು, 1945ರ ಡಿಸೆಂಬರಿನಲ್ಲಿ ಬ್ರಿಟಿಷರು ಗಲ್ಲಿಗೇರಿಸಿದಾಗ ಅವಳಿಗೆ ಬರೀ 22 ವರ್ಷ. ಅವಳ ಚೆಲುವು, ಅವಳ ಚಾಟಿ, ಈ ಎರಡರ ಸುತ್ತವೇ ಎಷ್ಟೊಂದು ವಿಡಿಯೊಗಳಿವೆ. ಆ ಫೋಟೊ ಸ್ವಲ್ಪ ಪಕ್ಕಕ್ಕಿಡಿ ಅನ್ನುತ್ತೇನೆ ನಾನು. ಅವಳು ಮಾಡಿದ್ದು ಘೋರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳೊಬ್ಬಳನ್ನೇ ರಾಕ್ಷಸಿ ಅಂತ ನೋಡುತ್ತಾ ಕೂತರೆ ಉಳಿದ ಮೂರು ಸಾವಿರ ಚಿಲ್ಲರೆ ಹೆಂಗಸರು ಕಣ್ಣಿಗೇ ಬೀಳುವುದಿಲ್ಲ.

ಅವರು ಸಿಗುವುದು ರಾವೆನ್ಸ್‌ಬ್ರೂಕ್‌ನಲ್ಲಿ. ಬರ್ಲಿನ್‌ನಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ ಕಾಡು, ಒಂದು ಕೆರೆ, ಅದರ ದಡದಲ್ಲಿ 1939ರಲ್ಲಿ ಹೆಂಗಸರಿಗೆಂದೇ ತೆರೆದ ಶಿಬಿರ. ಯುದ್ಧ ಮುಗಿಯುವಷ್ಟರಲ್ಲಿ 1,20,000ದಷ್ಟು ಹೆಂಗಸರು, ಮಕ್ಕಳನ್ನು ಅಲ್ಲಿಗೆ ತಂದಿದ್ದರು. ಕಾವಲಿನ ಹೆಂಗಸರಿಗೆ ತರಬೇತಿ ಕೊಡುವ ಮುಖ್ಯ ಜಾಗವೂ ಅದೇ ಆಗಿತ್ತು. ಅಲ್ಲಿ ಕಲಿತವರು, ಕೆಲಸ ಮಾಡಿದವರು ಸೇರಿ 3,300ಕ್ಕೂ ಜಾಸ್ತಿ. ಶಿಬಿರಗಳನ್ನು ನಡೆಸುತ್ತಿದ್ದ ನಾಜಿಗಳ ಎಸ್‌ಎಸ್ ಅನ್ನುವುದು ಗಂಡಸರ ಪಡೆ, ಹಾಗಾಗಿ ಇವರು ಅದರ ಸದಸ್ಯರಾಗಿರಲಿಲ್ಲ. ಅದರ ಕೈಕೆಳಗೆ ಸಂಬಳಕ್ಕಿದ್ದವರು.

ಸಂಬಳ ಅನ್ನುವ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. 1944ರ ಪತ್ರಿಕೆಯೊಂದರಲ್ಲಿ ಬಂದ ಜಾಹೀರಾತು ಹೀಗಿತ್ತು: ಸೇನೆಯ ಜಾಗವೊಂದಕ್ಕೆ 20ರಿಂದ 40 ವರ್ಷದ ಆರೋಗ್ಯವಂತ ಹೆಂಗಸರು ಬೇಕು, ಒಳ್ಳೆ ಸಂಬಳ, ಊಟ, ವಸತಿ, ಬಟ್ಟೆ ಪುಕ್ಕಟೆ. ಶಿಬಿರದ ಹೆಸರೇ ಇಲ್ಲ! ಉದ್ಯೋಗ ಕಚೇರಿಯ ಮೂಲಕ ಬಂದವರಿದ್ದರು. ಕೈದಿಗಳನ್ನು ದುಡಿಸಿಕೊಳ್ಳುತ್ತಿದ್ದ ಕಾರ್ಖಾನೆಗಳು ತಮ್ಮ ಕೆಲಸದ ಹೆಂಗಸರನ್ನೇ ಕಾವಲಿನ ತರಬೇತಿಗೆ ಕಳಿಸಿದ್ದೂ ಇದೆ. ಮನೆಗೆಲಸದವರು, ಅಡುಗೆಮನೆ ಸಹಾಯಕಿಯರು, ನರ್ಸ್ ಆಗಬೇಕು ಅಂದುಕೊಂಡು ಆಗದೆ ಉಳಿದವರು. ಈ ಕೆಲಸಕ್ಕೆ ಯಾಕೆ ಸೇರಿದೆ ಅಂತ ಯುದ್ಧದ ನಂತರ ಬ್ರಿಟಿಷರು ನಡೆಸಿದ ಬೆಲ್ಸೆನ್ ವಿಚಾರಣೆಯಲ್ಲಿ ಕೇಳಿದಾಗ ಯೊಹಾನಾ ಬೋರ್ಮನ್ ಎಂಬಾಕೆ ಹೇಳಿದ್ದು ಒಂದೇ ಕಾರಣ, ಇನ್ನಷ್ಟು ದುಡ್ಡು ಸಿಗಲಿ ಅಂತ.

ಅವರಿದ್ದ ಮನೆಗಳು ಈಗಲೂ ಇವೆ. ಬಾಲ್ಕನಿ ಇರುವ, ಚೊಕ್ಕದಾದ ಮನೆಗಳು. ಒಂದು ಕಡೆ ತಿರುಗಿದರೆ ಕಾಡು, ಕೆರೆ. ಇನ್ನೊಂದು ಕಡೆ ತಿರುಗಿದರೆ ಸಾಲಾಗಿ ಹೋಗುವ ಕೈದಿಗಳು, ಹೆಣ ಸುಡುವ ಕುಲುಮೆಯ ಚಿಮಣಿ. ಆ ಬೂದಿಯನ್ನು ಸುರಿಯುತ್ತಿದ್ದದ್ದು ಅದೇ ಕೆರೆಗೆ. ಬಾಲ್ಕನಿಯಲ್ಲಿ ನಿಂತವರಿಗೆ ಏನೂ ಗೊತ್ತಿರಲಿಲ್ಲ ಅಂದರೆ ಹೇಗೆ ನಂಬೋದು, ಹೇಳಿ.

ಜಾಹೀರಾತು ನೋಡಿ ಏನೂ ತಿಳಿಯದೆ ಬಂದ ಹುಡುಗಿ ಕೈದಿಗೆ ಹೊಡೆಯುವಂತಾಗಲು ಎಷ್ಟು ದಿನ ಬೇಕು? ಇದನ್ನು ಎಣಿಸಿದವರು ಒಬ್ಬರಿದ್ದರು. ಫ್ರಾನ್ಸಿನ ಜೆರ್ಮೇನ್ ತಿಯೋಂ, ಜನಾಂಗಗಳ ಬದುಕನ್ನು ಅಧ್ಯಯನ ಮಾಡುತ್ತಿದ್ದ ವಿದ್ವಾಂಸೆ, 1943ರಲ್ಲಿ ಕೈದಿಯಾಗಿ ರಾವೆನ್ಸ್‌ಬ್ರೂಕ್‌ಗೆ ಬಂದವರು. ಹಸಿವು, ಚಳಿ, ಸಾವು ಎಲ್ಲದರ ನಡುವೆಯೂ ಕಾವಲಿನವರನ್ನು ಗಮನಿಸುವುದನ್ನು ಅವರು ಬಿಡಲಿಲ್ಲ. ಹೊಸದಾಗಿ ಬಂದ 20ರ ಹುಡುಗಿಯೊಬ್ಬಳು ಮೊದಮೊದಲು ಕೈದಿಯ ಮುಂದೆ ದಾಟಿ ಹೋಗುವಾಗ "ಕ್ಷಮಿಸಿ" ಅನ್ನುತ್ತಿದ್ದಳಂತೆ. ಆ ಜಾಗದ ರೀತಿ ಅವಳಿಗಿನ್ನೂ ಗೊತ್ತಿರಲಿಲ್ಲ. ಅದನ್ನು ಕಲಿಯಲು ಅವಳಿಗೆ ಹಿಡಿದದ್ದು ಸರಿಯಾಗಿ ನಾಲ್ಕು ದಿನ. ಕೆಲವರಿಗೆ ವಾರ, ಎರಡು ವಾರ, ಇನ್ನು ಕೆಲವರಿಗೆ ತಿಂಗಳು. ಇಷ್ಟು ವರ್ಷದ ಪಾಠದಲ್ಲಿ ನನ್ನನ್ನು ಇಷ್ಟು ಕಾಡಿದ ವಿಷಯ ಬೇರೆ ಇಲ್ಲ. ಬೂಟು, ಸಮವಸ್ತ್ರ, ಕೈಯಲ್ಲಿ ಕೋಲು, ಪಕ್ಕದಲ್ಲಿ ಹಳಬಳೊಬ್ಬಳು, ಹೊಡೆದರೆ ಕೇಳುವವರಿಲ್ಲ, ಕರುಣೆ ತೋರಿಸಿದರೆ ಬೈಗುಳ. ಇಷ್ಟಿದ್ದರೆ ಸಾಕಿತ್ತು.

ಹಾಗಂತ ಪಾಪ, ಅವರೇನು ಮಾಡೋಕಾಗುತ್ತಿತ್ತು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಹುಡುಗರು ಇದನ್ನೂ ಕೇಳುತ್ತಾರೆ, ಬಿಟ್ಟು ಹೋದರೆ ಸಾಯಿಸ್ತಿದ್ರಲ್ವಾ ಅಂತ. ಇಲ್ಲ. ಈ ಕೆಲಸ ಬೇಡ ಅಂತ ಬಿಟ್ಟು ಹೋದವರಿದ್ದಾರೆ. ಕೊನೆಯ ವರ್ಷಗಳಲ್ಲಿ ಬಲವಂತ ಜಾಸ್ತಿಯಾಯಿತು ನಿಜ, ಆದರೂ ಹೊಡೆಯಲೇಬೇಕು ಅಂತ ಕೈ ಹಿಡಿದು ಹೊಡೆಸಿದವರು ಯಾರೂ ಇರಲಿಲ್ಲ.

ಹರ್ಮಿನೆ ಬ್ರೌನ್‌ಸ್ಟೈನರ್ ಕಥೆಯನ್ನು ನಾನು ಬಿಡದೆ ಹೇಳುತ್ತೇನೆ. ವಿಯೆನ್ನಾದ ಹುಡುಗಿ, ನರ್ಸ್ ಆಗುವ ಆಸೆಯಿತ್ತು, ಆಗಲಿಲ್ಲ. 1939ರಲ್ಲಿ ರಾವೆನ್ಸ್‌ಬ್ರೂಕ್ ಸೇರಿದಳು, 1942ರಲ್ಲಿ ಮೈದಾನೆಕ್ ಶಿಬಿರಕ್ಕೆ ಹೋದಳು. ಬೂಟುಗಾಲಿನಲ್ಲಿ ತುಳಿಯುವವಳೆಂದು ಕೈದಿಗಳು ಅವಳಿಗೆ "ಹೆಣ್ಣು ಕುದುರೆ" ಎಂಬ ಅರ್ಥದ ಹೆಸರಿಟ್ಟಿದ್ದರು. ಯುದ್ಧದ ನಂತರ ಸ್ವಲ್ಪ ಕಾಲ ಆಸ್ಟ್ರಿಯಾದ ಜೈಲಿನಲ್ಲಿದ್ದು, ಅಮೆರಿಕದವನನ್ನು ಮದುವೆಯಾಗಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಗೃಹಿಣಿಯಾಗಿ ನೆಲೆಸಿದಳು. 1964ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರ ಜೋಸೆಫ್ ಲೆಲಿವೆಲ್ಡ್ ಆ ಮನೆಯ ಬಾಗಿಲು ತಟ್ಟಿದರು. ಈಗಿನ ಶಿಬಿರಗಳಲ್ಲಿ ಕಾವಲಿನವರು ಏನು ಮಾಡುತ್ತಾರೋ ತಾನೂ ಅಷ್ಟೇ ಮಾಡಿದ್ದು ಎಂಬ ಅರ್ಥದ ಮಾತು ಆಡಿದಳು ಅವಳು. ನೆರೆಹೊರೆಯವರಿಗೆ ನಂಬಲೇ ಆಗಲಿಲ್ಲ. 1973ರಲ್ಲಿ ಅಮೆರಿಕ ಅವಳನ್ನು ಜರ್ಮನಿಗೆ ಒಪ್ಪಿಸಿತು, 1981ರಲ್ಲಿ ಡ್ಯುಸೆಲ್ಡಾರ್ಫ್ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು.

ಆ ಮೂರು ಸಾವಿರ ಚಿಲ್ಲರೆ ಹೆಂಗಸರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ತೀರಾ ಕಡಿಮೆ. ಉಳಿದವರು ಮದುವೆಯಾದರು, ಮನೆಹೆಸರು ಬದಲಾಯಿತು, ಮಕ್ಕಳಾದರು, ಮೊಮ್ಮಕ್ಕಳಾದರು. ಅವರ ಮನೆಗಳ ಬಾಗಿಲನ್ನು ಯಾರೂ ತಟ್ಟಲಿಲ್ಲ.