ದರಕ್ಕಿಂತ ಮೊದಲು ಕೆಲಸದ ಎಲ್ಲೆ

ವಿಜಯಪುರ, ಬಾಗಲಕೋಟೆ ಕಡೆಯ ಪದವೀಧರರು ಆನ್‌ಲೈನ್ ಬರವಣಿಗೆಯ ಕೆಲಸದ ಬಗ್ಗೆ ವಿಚಾರಿಸುವಾಗ ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಒಂದು ಪದಕ್ಕೆ ಎಷ್ಟು ಸಿಗುತ್ತದೆ? ವಿಜಯಪುರದಲ್ಲಿದ್ದುಕೊಂಡೇ ಇಂಗ್ಲಿಷ್ ಹಾಗೂ ಕನ್ನಡದಲ್ಲಿ ಈ ವೃತ್ತಿ ನಡೆಸುತ್ತಿರುವ ನನ್ನ ಅನುಭವದಲ್ಲಿ, ತಿಂಗಳ ಕೊನೆಗೆ ಕೈಗೆ ಬರುವ ಹಣ ಪದದ ದರಕ್ಕಿಂತ ಹೆಚ್ಚಾಗಿ, ಬರೆಯಲು ಕುಳಿತುಕೊಳ್ಳುವ ಮುಂಚೆ ಏನನ್ನು ಒಪ್ಪಿಕೊಂಡಿದ್ದೇವೆ ಎಂಬುದರ ಮೇಲೆ ನಿಂತಿರುತ್ತದೆ.

ಮೊದಲು ಕಡಿತದ ಲೆಕ್ಕ. ಫೈವರ್, ಅಪ್‌ವರ್ಕ್ ಇವು ಕೆಲಸ ಕೊಡುವವರನ್ನೂ ಮಾಡುವವರನ್ನೂ ಜೋಡಿಸುವ ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ಗಳು. ಫೈವರ್ ಬರಹಗಾರರ ಗಳಿಕೆಯಲ್ಲಿ ಶೇ 20ರಷ್ಟನ್ನು ಹಿಡಿದುಕೊಳ್ಳುತ್ತದೆ. 50 ಡಾಲರ್‌ಗೆ ಒಪ್ಪಿದ ಲೇಖನಕ್ಕೆ ಉಳಿಯುವುದು 40 ಡಾಲರ್, ಅದನ್ನು ರೂಪಾಯಿಗೆ ಬದಲಿಸುವಾಗ ಇನ್ನಷ್ಟು ಸೋರುತ್ತದೆ. ಅಪ್‌ವರ್ಕ್ 2025ರ ಮೇ ತಿಂಗಳಿನಿಂದ ಹೊಸ ಒಪ್ಪಂದಗಳಿಗೆ ಶೂನ್ಯದಿಂದ ಶೇ 15ರವರೆಗೆ ಬೇರೆ ಬೇರೆ ಶುಲ್ಕ ವಿಧಿಸುತ್ತಿದೆ. ಅಲ್ಲಿ ಅರ್ಜಿ ಹಾಕುವುದಕ್ಕೂ ‘ಕನೆಕ್ಟ್ಸ್’ ಎಂಬ ಟೋಕನ್‌ಗಳು ಖರ್ಚಾಗುತ್ತವೆ. ಒಂದಕ್ಕೆ 15 ಸೆಂಟ್‌ನಂತೆ, 10 ಕನೆಕ್ಟ್ಸ್ ಕೇಳುವ ಕೆಲಸಕ್ಕೆ ಅರ್ಜಿ ಹಾಕಿದರೆ, ಕ್ಲೈಂಟ್ ಉತ್ತರಿಸಲಿ ಬಿಡಲಿ, ಒಂದೂವರೆ ಡಾಲರ್ ಹೋದಂತೆಯೇ. ಕಂಡ ಕಂಡ ಕೆಲಸಕ್ಕೆಲ್ಲ ಒಂದೇ ಪ್ರೊಪೋಸಲ್ (ಅರ್ಜಿಯ ಪತ್ರ) ಅಂಟಿಸುವುದು ಈ ಕಾರಣಕ್ಕೇ ನಷ್ಟದ ದಾರಿ.

ಹಾಗಾದರೆ ಯಾವುದಕ್ಕೆ ಹಾಕಬೇಕು? ‘ಯಾವ ವಿಷಯದ ಮೇಲಾದರೂ ಬರೆಯಬಲ್ಲೆ’ ಎಂಬ ಪ್ರೊಫೈಲ್‌ಗೆ ಇಂದು ಬೆಲೆಯಿಲ್ಲ. ಅಂಥ ಬರಹವನ್ನು ಯಂತ್ರವೇ ನಿಮಿಷದಲ್ಲಿ ಬರೆದುಕೊಡುತ್ತದೆ. ನಮ್ಮ ಕಡೆಯ ಹುಡುಗರು ತಮಗೆ ಗೊತ್ತಿರುವುದನ್ನು ಅರ್ಹತೆಯೆಂದೇ ಎಣಿಸುವುದಿಲ್ಲ ಎಂಬುದು ನನ್ನ ತಕರಾರು. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಒಣಗಿಸಿ ಮಣೂಕ (ಒಣದ್ರಾಕ್ಷಿ) ಮಾಡುವುದನ್ನು ತಿಕೋಟಾ ಭಾಗದ ರೈತನ ಮಗ ಕಣ್ಣಾರೆ ನೋಡಿರುತ್ತಾನೆ. ಒಣಹಣ್ಣು ಮಾರುವ ವಿದೇಶಿ ಕಂಪನಿಯ ಜಾಲತಾಣಕ್ಕೆ ಬರೆಯುವವರಲ್ಲಿ ಎಷ್ಟು ಜನರಿಗೆ ಅದು ಗೊತ್ತು? ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಯಲ್ಲಿ ಎರಡು ವರ್ಷ ದುಡಿದವನು ಎರಕದ ದೋಷಗಳ ಬಗ್ಗೆ ಬರೆದರೆ ಓದುವ ಎಂಜಿನಿಯರ್ ನಂಬುತ್ತಾನೆ. ಇಳಕಲ್ಲಿನ ನೇಕಾರರ ಮನೆಯವರು ಸೀರೆಯ ಸೆರಗಿನ ಜೋಡಣೆಯನ್ನು ವಿವರಿಸಬಲ್ಲರು. ಕನ್ನಡ, ಮರಾಠಿ ಎರಡರಲ್ಲೂ ಓದಿ ಬರೆಯಬಲ್ಲ ಗಡಿ ಭಾಗದವರಿಗೆ ಅನುವಾದವೇ ಒಂದು ಪ್ರತ್ಯೇಕ ವಿಭಾಗ. ಇಂಥ ಒಂದು ವಿಷಯದಲ್ಲಿ ಎರಡು ಮೂರು ಮಾದರಿ ಲೇಖನಗಳನ್ನು ಸ್ವತಃ ಬರೆದಿಟ್ಟುಕೊಂಡು, ಪ್ರೊಪೋಸಲ್‌ನ ಮೊದಲ ಎರಡು ಸಾಲಿನಲ್ಲೇ ಕ್ಲೈಂಟ್‌ನ ಕೆಲಸಕ್ಕೆ ಅದು ಹೇಗೆ ಒದಗುತ್ತದೆಂದು ಹೇಳಬೇಕು. ಪಟ್ಟಿಯಲ್ಲಿ ಕ್ಲೈಂಟ್‌ಗೆ ಮೊದಲು ಕಾಣಿಸುವುದು ಪ್ರೊಪೋಸಲ್‌ನ ಆರಂಭದ ಸಾಲುಗಳು ಮಾತ್ರ; ಅಲ್ಲಿ ‘ಗೌರವಾನ್ವಿತ ಮಹಾಶಯರೇ’ ಎಂದು ಬರೆದು ಜಾಗ ಕಳೆಯಬಾರದು.

ಕ್ಲೈಂಟ್ ಒಪ್ಪಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ, ಮತ್ತು ಅದು ಬರವಣಿಗೆಯಲ್ಲ. ‘1200 ಪದಗಳ ಲೇಖನ’ ಎಂಬ ಒಂದು ಸಾಲಿನ ಒಳಗೆ ಎಷ್ಟೋ ಕೆಲಸ ಅಡಗಿರಬಹುದು: ಸಂದರ್ಶನ ಮಾಡಬೇಕೇ, ಚಿತ್ರ ಹುಡುಕಿಕೊಡಬೇಕೇ, ಕೀವರ್ಡ್‌ಗಳನ್ನು (ಓದುಗರು ಗೂಗಲ್‌ನಲ್ಲಿ ಹುಡುಕುವ ಪದಗಳನ್ನು) ಯಾರು ಕೊಡುತ್ತಾರೆ, ಜಾಲತಾಣ ನಡೆಸುವ ವರ್ಡ್‌ಪ್ರೆಸ್‌ಗೆ ಏರಿಸುವವರು ಯಾರು, ಕೊನೆಯ ಒಪ್ಪಿಗೆ ಒಬ್ಬರದೋ ಇಡೀ ತಂಡದ್ದೋ. ಇವೆಲ್ಲವನ್ನೂ ಮಾರ್ಕೆಟ್‌ಪ್ಲೇಸ್‌ನ ಮೆಸೇಜ್ ಪೆಟ್ಟಿಗೆಯಲ್ಲೇ ಬರಹದಲ್ಲಿ ಕೇಳಿ ಉತ್ತರ ಪಡೆದಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ವ್ಯಾಜ್ಯ ಎದ್ದರೆ ತೋರಿಸಲು ಉಳಿಯುವುದು ಅದೊಂದೇ. ರಿವಿಜನ್ ವಿಷಯದಲ್ಲಿ ನಾನು ಎಳೆಯುವ ಗೆರೆ ಹೀಗಿದೆ: ಮೊದಲು ಒಪ್ಪಿದ ಸೂಚನೆಗೆ ಹೊಂದದ ಭಾಗವನ್ನು ತಿದ್ದುವುದು ನನ್ನ ಹೊಣೆ, ಎರಡು ಸುತ್ತಿನವರೆಗೆ; ಸೂಚನೆಯೇ ಬದಲಾದರೆ ಅದು ಹೊಸ ಕೆಲಸ, ಹೊಸ ಮೊತ್ತ. ಗಡುವನ್ನು ಗಂಟೆ ಸಮೇತ ಬರೆಯಬೇಕು. ನ್ಯೂಯಾರ್ಕ್‌ನ ಶುಕ್ರವಾರ ಸಂಜೆ ಐದು ಗಂಟೆಯೆಂದರೆ ನಮಗೆ ಅವರ ಬೇಸಿಗೆಯಲ್ಲಿ ಶನಿವಾರ ನಸುಕಿನ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ.

ನಿಗದಿತ ಮೊತ್ತದ ಒಪ್ಪಂದದಲ್ಲಿ ಕ್ಲೈಂಟ್ ಮೈಲ್‌ಸ್ಟೋನ್‌ನ (ಕೆಲಸದ ಒಂದು ಹಂತದ) ಹಣವನ್ನು ಎಸ್ಕ್ರೊದಲ್ಲಿ, ಅಂದರೆ ಮಾರ್ಕೆಟ್‌ಪ್ಲೇಸ್‌ನ ಬಳಿ ಠೇವಣಿಯಾಗಿ, ಇಟ್ಟಿದ್ದಾನೆಂದು ಖಾತರಿಯಾಗುವವರೆಗೆ ಒಂದು ಸಾಲನ್ನೂ ಬರೆಯಬಾರದು. ಅಪ್‌ವರ್ಕ್‌ನಲ್ಲಿ ಬರಹವನ್ನು ವಿಧಿವತ್ತಾಗಿ ‘ಸಬ್ಮಿಟ್’ ಮಾಡಿದ ಮೇಲೆ ಕ್ಲೈಂಟ್ 14 ದಿನ ಏನೂ ಹೇಳದಿದ್ದರೆ ಹಣ ತಾನಾಗಿ ಬಿಡುಗಡೆಯಾಗುತ್ತದೆ. ಬರಹವನ್ನು ಮೆಸೇಜ್‌ನಲ್ಲಷ್ಟೇ ಕಳುಹಿಸಿ ಸುಮ್ಮನಾದವರಿಗೆ ಈ ಎಣಿಕೆ ಆರಂಭವೇ ಆಗುವುದಿಲ್ಲ. ಗಂಟೆ ಲೆಕ್ಕದ ಕೆಲಸಕ್ಕೆ ಅಪ್‌ವರ್ಕ್‌ನ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಸಮಯ ದಾಖಲಾಗಿದ್ದರೆ ಮಾತ್ರ ಪಾವತಿಯ ರಕ್ಷಣೆ ಸಿಗುತ್ತದೆ; ಕೈಯಿಂದ ಬರೆದು ಸೇರಿಸಿದ ಗಂಟೆಗಳಿಗೆ ಅದು ಇಲ್ಲ.

ಹಕ್ಕಿನ ಮಾತೂ ಕರಾರಿನದೇ ಭಾಗ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರನು ತನ್ನ ಕೆಲಸದ ಅಂಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಸ್ವತಂತ್ರ ಬರಹಗಾರ ನೌಕರನಲ್ಲ, ಆದ್ದರಿಂದ ಲಿಖಿತವಾಗಿ ಬಿಟ್ಟುಕೊಡುವವರೆಗೆ ಹಕ್ಕು ಅವನದೇ. ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು 19ನೇ ಸೆಕ್ಷನ್ ಗ್ರಹಿಸುತ್ತದೆ. ಆದರೆ ಮಾರ್ಕೆಟ್‌ಪ್ಲೇಸ್‌ಗಳ ಸಿದ್ಧ ಷರತ್ತುಗಳಲ್ಲಿ ಪೂರ್ಣ ಹಣ ಸಂದ ಕೂಡಲೇ ಬರಹ ಕ್ಲೈಂಟ್‌ಗೆ ಸೇರುತ್ತದೆಂದು ಇರುವುದೇ ಹೆಚ್ಚು. ಹೀಗಾಗಿ ಹೆಸರಿಲ್ಲದೆ ಬರೆದುಕೊಟ್ಟ ಲೇಖನವನ್ನು ಮುಂದೆ ಮಾದರಿಯಾಗಿ ತೋರಿಸಬೇಕೆಂದಿದ್ದರೆ ಅನುಮತಿಯನ್ನು ಕೆಲಸಕ್ಕೆ ಮುಂಚೆಯೇ ಕೇಳಬೇಕು.

ತೆರಿಗೆಯ ಬಗ್ಗೆ ಚುಟುಕಾಗಿ ಹೇಳುವೆ, ಉಳಿದದ್ದನ್ನು ಲೆಕ್ಕಪರಿಶೋಧಕರು ಹೇಳಲಿ. ಅಪ್‌ವರ್ಕ್ ಭರ್ತಿ ಮಾಡಿಸುವ ಡಬ್ಲ್ಯು-8ಬೆನ್ ನಮೂನೆಯನ್ನು ಕಂಡು ಅಂಜಬೇಕಾಗಿಲ್ಲ. ನಾವು ಅಮೆರಿಕದ ತೆರಿಗೆದಾರರಲ್ಲ ಎಂಬ ಘೋಷಣೆ ಅದು. ವಿದೇಶದಿಂದ ಬಂದ ಹಣವೂ ಇಲ್ಲಿ ಆದಾಯವೇ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ರಫ್ತಿನ ಮೊತ್ತವೂ ಆ ಎಣಿಕೆಯಲ್ಲಿ ಸೇರುತ್ತದೆ; ರಫ್ತಿನ ಮೇಲೆ ತೆರಿಗೆ ಕಟ್ಟದಿರಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಪ್ರತಿ ಪಾವತಿಯ ವಿದೇಶಿ ಜಮಾ ಪತ್ರವನ್ನು (ಹಣ ಹೊರದೇಶದಿಂದ ಬಂದದ್ದಕ್ಕೆ ದಾಖಲೆ) ಆಗಾಗಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಕರಾರೇ ಮೋಸವಾಗುವ ಪ್ರಸಂಗ. ಟೆಲಿಗ್ರಾಂಗೆ ಬನ್ನಿ ಎಂದು ಕರೆಯುವವರು, ನೋಂದಣಿ ಶುಲ್ಕ ಕೇಳುವವರು ಕ್ಲೈಂಟ್‌ಗಳಲ್ಲ. ಇವರಿಗಿಂತ ಅಪಾಯಕಾರಿಯಾದವರು ‘ಮನೆಯಲ್ಲೇ ಕುಳಿತು ಟೈಪಿಂಗ್’ ಎಂದು ಆನ್‌ಲೈನ್ ಅಗ್ರಿಮೆಂಟ್‌ಗೆ ಸಹಿ ಹಾಕಿಸಿಕೊಂಡು, ಕೆಲಸದಲ್ಲಿ ತಪ್ಪುಗಳಿವೆಯೆಂದು ವಾರದೊಳಗೆ ವಕೀಲರ ಹೆಸರಿನಲ್ಲಿ ದಂಡದ ನೋಟಿಸ್ ಕಳುಹಿಸುವ ಗುಂಪುಗಳು. ಕೋರ್ಟಿನ ಹೆಸರು ಕೇಳಿದ ಕೂಡಲೇ ಮನೆಯವರಿಗೂ ಹೇಳದೆ ಹಣ ಕಟ್ಟುವ ವಿದ್ಯಾರ್ಥಿಗಳೇ ಅವರ ಗುರಿ. ಅಂಥ ನೋಟಿಸ್ ಬಂದರೆ ಅದರಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ಅಗ್ರಿಮೆಂಟ್ ಮತ್ತು ಸಂದೇಶಗಳ ಸ್ಕ್ರೀನ್‌ಶಾಟ್ ಉಳಿಸಿಕೊಂಡು ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಹೋಗಬೇಕು. ಹಣ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಯುಪಿಐ ವಹಿವಾಟಿನ ಸಂಖ್ಯೆಯನ್ನು ತಿಳಿಸಬೇಕು.