ಕೆಂಪಿನ ಪಕ್ಕದ ಬೂದು

ಅಮೂರ್ತ ಚಿತ್ರಗಳ ಪ್ರದರ್ಶನದಲ್ಲಿ ಮರ, ಮುಖ, ಮನೆ ಯಾವುದೂ ಸಿಗುವುದಿಲ್ಲ. ಗುರುತು ಹಿಡಿಯುವ ಕೆಲಸ ತಪ್ಪಿದ ಕಣ್ಣಿನ ಪಾಲಿಗೆ ಉಳಿಯುವುದು ಮುಖ್ಯವಾಗಿ ಬಣ್ಣ. ನಮ್ಮೊಳಗೆ ಬಣ್ಣ ಹೇಗೆ ಹುಟ್ಟುತ್ತದೆ ಎಂದು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ದಟ್ಟ ಕೆಂಪಿನ ನಡುವೆ ಪುಟ್ಟದೊಂದು ಬೂದು ಚೌಕ ಇದ್ದರೆ ಅದರ ಎದುರು ಸ್ವಲ್ಪ ಹೊತ್ತು ನಿಲ್ಲಿ. ಬೂದಿಗೆ ಮೆಲ್ಲಗೆ ಹಸಿರು ಛಾಯೆ ಏರುತ್ತದೆ. ಅದೇ ಬೂದನ್ನು ಹಸಿರಿನ ನಡುವೆ ಇಟ್ಟರೆ ನಸುಗೆಂಪಾಗಿ ಕಾಣುತ್ತದೆ. ಕಲಾವಿದ ಬಳಸಿದ್ದು ಒಂದೇ ಡಬ್ಬಿಯ ಬಣ್ಣ.

ಪ್ಯಾರಿಸ್ಸಿನ ಗೋಬ್ಲ್ಯಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನ ವಿಜ್ಞಾನಿ ಮಿಶೆಲ್ ಯುಜೀನ್ ಶೆವ್ರೂಲ್‌ಗೆ ಇದೇ ಬಗೆಯ ಒಗಟು ಎದುರಾಗಿತ್ತು. ನೀಲಿ, ನೇರಳೆ ನೂಲಿನ ಜೊತೆ ನೇಯ್ದ ಕಪ್ಪು ಸಪ್ಪೆಯಾಗಿದೆ ಎಂಬುದು ದೂರು. ಆತ ಪರೀಕ್ಷಿಸಿ ನೋಡಿದರೆ ಕಪ್ಪು ಬಣ್ಣದಲ್ಲಿ ದೋಷವಿರಲಿಲ್ಲ. ನೆರೆಯ ಬಣ್ಣಗಳೇ ಅದನ್ನು ಹಾಗೆ ತೋರಿಸುತ್ತಿದ್ದವು. 1839ರಲ್ಲಿ ಆತ ಪ್ರಕಟಿಸಿದ ವಿವರಣೆ ಮುಂದೆ ವರ್ಣಚಿತ್ರಕಾರರ ದಿಕ್ಕನ್ನೇ ಬದಲಿಸಿತು.

ಕಾರಣ ಕಣ್ಣಿನ ರಚನೆಯಲ್ಲಿದೆ. ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಸುಮಾರು 60 ಲಕ್ಷ ಶಂಕುಕೋಶಗಳಿವೆ, ಅವುಗಳಲ್ಲಿ ಮೂರೇ ಬಗೆ. ಅವುಗಳ ಸಂಕೇತಗಳು ನೇರವಾಗಿ ಬಣ್ಣವಾಗುವುದಿಲ್ಲ. ಕೆಂಪಿಗೆ ಎದುರಾಗಿ ಹಸಿರು, ನೀಲಿಗೆ ಎದುರಾಗಿ ಹಳದಿ ಎಂಬಂತೆ ನರಜಾಲ ಅವನ್ನು ತಾಳೆ ನೋಡುತ್ತದೆ, ಜೊತೆಗೆ ಅಕ್ಕಪಕ್ಕದ ಜಾಗಗಳನ್ನೂ ಹೋಲಿಸುತ್ತದೆ. ಸುತ್ತಲೂ ಕೆಂಪು ತುಂಬಿದ್ದಾಗ ನಡುವಿನ ಬೂದು ಹಸಿರಿನತ್ತ ವಾಲುವುದು ಹೀಗೆ. ದೀಪದ ಪಾತ್ರವೂ ಸಣ್ಣದಲ್ಲ: ಹಗಲ ಬೆಳಕಿನಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಎಲ್‌ಇಡಿ ದೀಪದಡಿ ಬೇರೆಬೇರೆಯಾಗಿ ಕಾಣಬಹುದು.

ಬೆಳಕು ಬಣ್ಣವನ್ನು ತೋರಿಸುತ್ತದೆ, ಕೊಲ್ಲುತ್ತದೆ ಕೂಡ. ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರೊಥ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ರಚಿಸಿದ ಬೃಹತ್ ಚಿತ್ರಗಳ ಕತೆ ನನ್ನನ್ನು ಬಹಳ ಕಾಡಿದೆ. ಅವುಗಳ ಕಡುಗೆಂಪಿಗೆ ಆತ ಲಿಥಾಲ್ ರೆಡ್ ಎಂಬ ವರ್ಣದ್ರವ್ಯ ಬೆರೆಸಿದ್ದ. 1964ರಲ್ಲಿ ದೊಡ್ಡ ಕಿಟಕಿಗಳ ಊಟದ ಕೋಣೆಯಲ್ಲಿ ಐದು ಚಿತ್ರಗಳು ಗೋಡೆಗೇರಿದವು. ಬಿಸಿಲಿಗೆ ಲಿಥಾಲ್‌ನ ಅಣುಗಳು ಒಡೆಯುತ್ತ ಹೋದವು. ಬೆರೆಸಿದ್ದ ಅಲ್ಟ್ರಾಮರೀನ್ ನೀಲಿ ಮಾತ್ರ ಗಟ್ಟಿಯಾಗಿ ಉಳಿಯಿತು. ಕಡುಗೆಂಪು ಕೆಲವೆಡೆ ಪೇಲವ ನೀಲಿಗೆ ತಿರುಗಿತು. 1979ರ ಹೊತ್ತಿಗೆ ಚಿತ್ರಗಳನ್ನು ಇಳಿಸಿ ಉಗ್ರಾಣಕ್ಕೆ ಸೇರಿಸಲಾಯಿತು.

ಮೇಲೆ ಹೊಸ ಬಣ್ಣ ಬಳಿದಿದ್ದರೆ ಅದು ರೊಥ್ಕೊನ ಚಿತ್ರವಾಗಿ ಉಳಿಯುತ್ತಿರಲಿಲ್ಲ. ಸಂರಕ್ಷಕರು ಹಿಡಿದ ದಾರಿ ಬೇರೆ. ಹಳೆಯ ಫೋಟೊಗಳನ್ನೂ ಗೋಡೆಗೇರದೆ ಉಳಿದಿದ್ದ ಆರನೆಯ ಚಿತ್ರವನ್ನೂ ಆಧಾರವಾಗಿಟ್ಟುಕೊಂಡು ಮೂಲ ಬಣ್ಣವನ್ನು ಅಂದಾಜು ಮಾಡಿದರು. ಪ್ರತಿ ಬಿಂದುವಿನಲ್ಲೂ ಎಷ್ಟು ಬಣ್ಣ ಕಡಿಮೆಯಾಗಿದೆಯೋ ಅಷ್ಟನ್ನೇ ಪ್ರೊಜೆಕ್ಟರಿನ ಬೆಳಕಿನಿಂದ ತುಂಬಿದರು. 2014ರಲ್ಲಿ ಹಾರ್ವರ್ಡಿನ ಕಲಾ ವಸ್ತುಸಂಗ್ರಹಾಲಯದಲ್ಲಿ ಚಿತ್ರಗಳು ಹೀಗೆ ಮತ್ತೆ ಪ್ರದರ್ಶನಗೊಂಡವು. ಪ್ರತಿದಿನ ಸಂಜೆ 4ಕ್ಕೆ ಪ್ರೊಜೆಕ್ಟರ್ ಆರಿಸಿ, ಮಾಸಿದ ಕ್ಯಾನ್ವಾಸನ್ನೂ ಜನರಿಗೆ ತೋರಿಸುತ್ತಿದ್ದರು. ಇದಕ್ಕಿಂತ ಪ್ರಾಮಾಣಿಕವಾದ ದುರಸ್ತಿ ನನಗೆ ಗೊತ್ತಿಲ್ಲ.

ಗ್ಯಾಲರಿ ತೀರಾ ಮಬ್ಬಾಗಿದೆ ಎಂದು ಗೊಣಗುವವರು ಈ ಕತೆಯನ್ನು ಕೇಳಬೇಕು. ಜಲವರ್ಣ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ ಸುಮಾರು 200 ಲಕ್ಸ್ ಬೆಳಕನ್ನಷ್ಟೇ ಬಿಡುತ್ತಾರೆ. ಹೊರಗಿನ ಬಿಸಿಲಿನಿಂದ ಬಂದವರು ಐದಾರು ನಿಮಿಷ ಕಾದರೆ ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳುತ್ತದೆ. ಚಿತ್ರವನ್ನು ನೋಡಲು ಆಮೇಲೆ ತೊಡಗಬಹುದು.