ಕಲಬುರಗಿ ಕೋಟೆಯ ಮಸೀದಿಗೆ ಕಾರ್ಡೋಬಾ ಮಾದರಿಯೇ?

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ಕರೆದುಕೊಂಡು ಹೋಗಿದ್ದೆವು. ಸ್ಪೇನಿನ ಕಾರ್ಡೋಬಾ ಕೆಥೆಡ್ರಲ್ಲನ್ನು ನೋಡಿ ಇದನ್ನು ಕಟ್ಟಿದ್ದಾರೆ ಎಂದು ಜೊತೆಗಿದ್ದವರು ಹೇಳಿದರು. ನಿಜವೇ? – ಸೇಡಂನ ಓದುಗರೊಬ್ಬರು

ಉತ್ತರ: ಈ ಮಾತನ್ನು ಚಿಕ್ಕಂದಿನಿಂದ ನಾನೂ ಕೇಳುತ್ತ ಬಂದಿದ್ದೇನೆ. ಊರಿನ ಮೇಲಿನ ಅಭಿಮಾನ ಅದರಲ್ಲಿದೆ. ಆದರೆ ಎರಡೂ ಕಟ್ಟಡಗಳ ರಚನೆಯನ್ನು ಎದುರುಬದುರು ಇಟ್ಟು ನೋಡಿದರೆ ಮಾತು ನಿಲ್ಲುವುದಿಲ್ಲ.

ಕಾರ್ಡೋಬಾದ ಕೆಥೆಡ್ರಲ್ ಮೂಲದಲ್ಲಿ ಮಸೀದಿಯೇ. ಅಲ್ಲಿನ ಮುಸ್ಲಿಂ ಅರಸ ಮೊದಲನೆಯ ಅಬ್ದುಲ್ ರಹಮಾನ್ 785ರ ಸುಮಾರಿಗೆ ಅದನ್ನು ಆರಂಭಿಸಿದ. 1236ರಲ್ಲಿ ಊರು ಕ್ರೈಸ್ತನಾದ ಮೂರನೆಯ ಫರ್ಡಿನಾಂಡ್ ದೊರೆಯ ಕೈಸೇರಿದಾಗ ಅದು ಕೆಥೆಡ್ರಲ್ ಆಯಿತು. 16ನೆಯ ಶತಮಾನದಲ್ಲಿ ಕಂಬಗಳ ನಟ್ಟನಡುವೆ ಎತ್ತರದ ಚರ್ಚೊಂದು ಎದ್ದಿತು. ಅಲ್ಲಿ 850ಕ್ಕೂ ಹೆಚ್ಚು ತೆಳುವಾದ ಕಂಬಗಳಿವೆ. ಅವುಗಳಲ್ಲಿ ಎಷ್ಟೋ ಹಳೆಯ ರೋಮನ್ ಕಟ್ಟಡಗಳಿಂದ ತಂದವು. ಅವುಗಳ ಮೇಲೆ ಕೆಂಪು, ಬಿಳಿ ಪಟ್ಟೆಗಳ ಕಮಾನುಗಳು ಒಂದರ ಮೇಲೊಂದು ಎರಡು ಸಾಲು. ಹೊರಗೆ ಕಿತ್ತಳೆ ಮರಗಳ ತೆರೆದ ಅಂಗಳ.

ನಮ್ಮ ಮಸೀದಿಯಲ್ಲಿ ಅಂಗಳವೇ ಇಲ್ಲ! ಅದರ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ನಮ್ಮ ದೇಶದ ದೊಡ್ಡ ಜಾಮಿಯಾ ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ಬಯಲು, ಪಶ್ಚಿಮಕ್ಕೆ ಪ್ರಾರ್ಥನೆಯ ಸಾಲೆ ಇರುತ್ತದೆ. ಇಲ್ಲಿ 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಮಾಡು ಹೊದಿಸಿದ್ದಾರೆ. ನಡುವಿನ ಒಂದೊಂದು ಅಂಕಣಕ್ಕೂ ಪುಟ್ಟ ಗುಮ್ಮಟ, ನಾಲ್ಕು ಮೂಲೆಗಳಿಗೆ ಅವಕ್ಕಿಂತ ದೊಡ್ಡವು, ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡಿನ) ಮುಂದೆ ಒಂಬತ್ತು ಅಂಕಣಗಳ ಜಾಗವನ್ನು ಒಂದೇ ಆವರಿಸುವ ಮಹಾಗುಮ್ಮಟ. ಮಿನಾರುಗಳಿಲ್ಲ. ಬೆಳಕು ಮೇಲಿನಿಂದ ಬೀಳುವ ಬದಲು ಹೊರಸಾಲಿನ ಕಮಾನುಗಳಿಂದ ಅಡ್ಡಲಾಗಿ ಒಳಗೆ ಹರಿಯುತ್ತದೆ. ಮೇ ತಿಂಗಳ ಕಲಬುರಗಿ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಆ ನೆರಳಿನ ಬೆಲೆ ಗೊತ್ತು.

ಹಾಗಾದರೆ ಕಟ್ಟಿದವರು ಯಾರು? 1367ರ ಶಾಸನದಲ್ಲಿ ಇರಾನಿನ ಕಜ್ವೀನ್ ಮೂಲದ ರಫೀ ಎಂಬವನ ಹೆಸರಿದೆ. ಆಗ ಆಳುತ್ತಿದ್ದವನು ಬಹಮನಿ ಸುಲ್ತಾನ ಮೊದಲನೆಯ ಮುಹಮ್ಮದ್ ಶಾ. ಶಾಸನ ಬೆರಳು ತೋರಿಸುವುದು ಇರಾನಿನ ಕಡೆಗೆ. ಎರಡೂ ಕಡೆ ಕಮಾನುಗಳ ಸಾಲು ಕಣ್ಣಳತೆ ಮೀರಿ ಸಾಗುವುದರಿಂದ ಹೋಲಿಕೆ ಹುಟ್ಟಿರಬೇಕು ಎಂದು ನನಗನ್ನಿಸುತ್ತದೆ. ಆದರೆ ಅಲ್ಲಿಯ ಕಮಾನು ಕಂಬದ ನೆತ್ತಿಯ ಮೇಲೆ ನಿಂತಿದ್ದರೆ, ಇಲ್ಲಿಯ ಬದಿಯ ಪಡಸಾಲೆಗಳ ಅಗಲವಾದ ಕಮಾನು ನೆಲದ ಸಮೀಪದಿಂದಲೇ ಬಾಗತೊಡಗುತ್ತದೆ. ಇಷ್ಟು ಗಿಡ್ಡ ಪಾದದ ಮೇಲೆ ಅಷ್ಟು ಅಗಲದ ಕಮಾನನ್ನು ನಿಲ್ಲಿಸಿದ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ಬೆರಗು.

ಮುಂದಿನ ಸಲ ಬೆಳಗ್ಗೆಯೇ ಹೋಗಿ. ಪಾದರಕ್ಷೆ ಹೊರಗೆ ಬಿಟ್ಟು ಪಡಸಾಲೆಯ ಒಂದು ತುದಿಯಲ್ಲಿ ನೀವು ನಿಂತು, ಮಕ್ಕಳನ್ನು ಇನ್ನೊಂದು ತುದಿಯವರೆಗೆ ನಡೆಯಲು ಹೇಳಿ. ಒಂದರೊಳಗೊಂದು ಸೇರಿಕೊಂಡ ಕಮಾನುಗಳಡಿಯಲ್ಲಿ ಅವರು ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ಸಿಕ್ಕುತ್ತ ಚಿಕ್ಕವರಾಗುತ್ತ ಹೋಗುತ್ತಾರೆ.